ಎರಡು ಕೈಯ ಮಿಷಿನ್

ಬೊಡ್ಡೆಯ ಬಿರುಕಿಗೆ ಇಟ್ಟ ಕಬ್ಬಿಣದ ಬೆಣೆಯ ಮೇಲೆ ಅಮರಮ್ಮ ಕೊಡಲಿಯ ಬೆನ್ನಿನಿಂದ ಇನ್ನೊಂದು ಏಟು ಹಾಕಿದಳು. ಬೆಣೆ ಒಳಗೆ ಇಳಿಯಿತೇ ಹೊರತು ಬೊಡ್ಡೆ ಬಾಯಿ ಬಿಡಲಿಲ್ಲ. ಬಳ್ಳಾರಿ ಜಾಲಿಯ ಗುಣವೇ ಹಾಗೆ. ಹಸಿಯಿದ್ದಾಗ ಮುಳ್ಳು, ಒಣಗಿದ ಮೇಲೆ ಕಲ್ಲು. ಬೇಸಿಗೆಯಲ್ಲಿ ಜೆಸಿಬಿ ಕರೆಸಿ ಹೊಲದ ಬದುವಿನ ಜಾಲಿಯನ್ನೆಲ್ಲ ಬೇರು ಸಮೇತ ಕೀಳಿಸಿದ್ದರು. ಅವೆಲ್ಲ ಈಗ ಹಿತ್ತಲ ತುಂಬ ಬಿದ್ದುಕೊಂಡಿದ್ದವು. ಅವಳು ಬೆಣೆಯನ್ನು ಅತ್ತಿತ್ತ ಬಡಿದು ಕೀಳಲು ನೋಡಿದಳು. ಅದು ಅಲುಗಲಿಲ್ಲ. ಮದುವೆಯಾಗಿ ಹುಲಿಹೈದರಕ್ಕೆ ಬರುವಾಗ ಅಪ್ಪ ಕಮ್ಮಾರನ ಮುಂದೆ ಕೂತು ಬಡಿಸಿಕೊಟ್ಟ ಬೆಣೆ ಅದು. ತಲೆ ಚಪ್ಪಟೆಯಾಗಿ ಅಣಬೆಯಂತೆ ಅರಳಿತ್ತು.

ಕೊಡಲಿ ಎತ್ತಿದಾಗಲೆಲ್ಲ ಬಲಭುಜದೊಳಗೆ ಏನೋ ಕಟಕ್ಕೆನ್ನುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದರೆ, ಕಾವಿಗೆ ಬಂದ ಕರಿಕೋಳಿ ಮತ್ತೆ ಬಚ್ಚಲ ಒಲೆಯ ಬೂದಿಯೊಳಗೆ ಹೋಗಿ ಕೂತಿತ್ತು.

"ಎದ್ದೇಳ ಮೂಳಿ! ಇವತ್ತ ಸೋಮಾರ. ನೀರ ಕಾಸಬೇಕು, ಗೊತ್ತಿಲ್ಲೇನ ನಿನಗ?"

ಕೋಳಿ ಪುಕ್ಕ ಉಬ್ಬಿಸಿ ಕೊರ್ ಎಂದಿತು. ಎರಡು ಕೈಯಲ್ಲಿ ಎತ್ತಿ ಹೊರಗೆ ಹಾಕಬೇಕಾಯಿತು.

ಒಲೆಯ ಮೇಲೆ ತಾಮ್ರದ ಹಂಡೆ. ಅದರಲ್ಲಿ ನೀರು ಮರಳುವುದು ಸೋಮವಾರ ಮಾತ್ರ. ಅವಳಿಗೆ ಒಬ್ಬಳಿಗೆ ರೊಟ್ಟಿ ಮಾಡುವ ಒಲೆಯ ಮೇಲೆ ಇಟ್ಟ ಒಂದು ತಪ್ಪಲೆ ನೀರು ಸಾಕಾಗುತ್ತಿತ್ತು. ವಿರುಪಾಕ್ಷಿಗೆ ಹಾಗಲ್ಲ. ಸಿದ್ದಾಪುರದ ಅಕ್ಕಿ ಮಿಲ್ಲಿನಲ್ಲಿ ಅವನು ಮೇಸ್ತ್ರಿ. ವಾರವಿಡೀ ತೌಡಿನ ಧೂಳು ಕುಡಿದು ಬರುವವನಿಗೆ ಹಂಡೆ ತುಂಬ ಸುಡುಸುಡು ನೀರು ಬೇಕು. ಆ ಒಂದು ಹಂಡೆ ನೀರಿಗೆ ಅವಳು ವಾರವೆಲ್ಲ ಕಟ್ಟಿಗೆ ಒಡೆಯುತ್ತಿದ್ದಳು. ಸಿದ್ದಾಪುರದಲ್ಲಿ ಅವನಿಗೆ ಇನ್ನೊಂದು ಮನೆ ಇದೆ ಎನ್ನುವುದು ಊರಿಗೇ ಗೊತ್ತಿತ್ತು. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಮುಚ್ಚಿಟ್ಟೂ ಇರಲಿಲ್ಲ. ಮಗಳನ್ನು ಕುಷ್ಟಗಿಗೆ ಕೊಟ್ಟ ವರ್ಷವೇ ಅದು ಶುರುವಾಗಿದ್ದು. ಆರು ದಿನ ಅಲ್ಲಿ, ಸೋಮವಾರ ಇಲ್ಲಿ. ಸೋಮವಾರವಾದರೂ ತನ್ನದು ಎಂದು ಅವಳು ಹಂಡೆ ತಿಕ್ಕುತ್ತ ಬಂದಿದ್ದಳು.

ಆ ದಿನ ಅವನು ಬಂದವನೇ ಹಿತ್ತಲ ಬಾಗಿಲಲ್ಲಿ ನಿಂತು ಅವಳು ಕೊಡಲಿ ಎತ್ತುವುದನ್ನು ನೋಡಿದ.

"ಭುಜ ನೋವಾಕೈತೇನು?"

ಅಮರಮ್ಮ ಕೊಡಲಿ ಇಳಿಸಿದಳು. ಅವನು ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. "ಏನಿಲ್ರಿ. ಹಳೇ ನೋವು."

"ಗಂಗಾವತ್ಯಾಗ ಕಟ್ಟಿಗಿ ಸೀಳೋ ಮಿಷಿನ್ ಒಂದ ಐತಿ. ಯಾವುದೋ ದಾಬಾದವ್ರು ಕೆಟ್ಟೈತಂತ ಬಿಟ್ಟುಹೋಗಿದ್ರಂತ. ಉಮರಸಾಬ ರಿಪೇರಿ ಮಾಡ್ಯಾನ. ಹೊಸಾದರ ಅರ್ಧಾ ರೇಟಿಗೆ ಕೊಡ್ತೀನಿ ಅಂತಾನ."

"ಕೊಡ್ಲಿ ಐತೆಲ್ರಿ."

"ಎಷ್ಟ ದಿನಾ ಹೊಡಿಯಾಕಿ ಕೊಡ್ಲಿ? ಬರೋ ಸೋಮಾರ ಗಂಗಾವತಿಗೆ ಬಂದಬಿಡು. ಅದನ್ನ ನಡಸೋ ಹೆಣ್ಮಗಳನ್ನ ಕರಕೊಂಡ ಬಾ, ಕಲಿಸಿಕೊಡ್ತೀನಿ ಅಂದಾನ." ಹಿತ್ತಲನ್ನೊಮ್ಮೆ ನೋಡಿ ಸೇರಿಸಿದ, "ಅರ್ಧಾ ಬೊಡ್ಡಿ ಇಟ್ಟಂಗಿ ಭಟ್ಟಿಗೆ ಕಳಸ್ತೀನಿ. ಇಷ್ಟೆಲ್ಲಾ ಯಾಕ ಬೇಕು ನಿನಗ?"

ಎರಡು ದಿನ ಬಿಟ್ಟು ಅವಳು ಕಳೆ ತೆಗೆಯಲು ಹೋದಾಗ ಟ್ರ್ಯಾಕ್ಟರ್ ಬಂದು ಬೊಡ್ಡೆ ತುಂಬಿಕೊಂಡು ಹೋಯಿತು. ಬೆಣೆ ಕಚ್ಚಿದ್ದ ಬೊಡ್ಡೆಯೂ ಹೋಗಿತ್ತು. ಭಟ್ಟಿಯ ಬೆಂಕಿಯಲ್ಲಿ ಅಪ್ಪನ ಬೆಣೆ ಕೆಂಪಗೆ ಕಾಯುವುದನ್ನು ನೆನೆದು, ಅದು ಇಲ್ಲೇ ಉದುರಿರಬಹುದೇ ಎಂದು ನೆಲ ಕೆದರಿ ನೋಡಿದಳು. ಆದರೂ ಆ ವಾರವೆಲ್ಲ ಭುಜದ ಮಾತನ್ನೇ ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಂತೆ ಇಟ್ಟುಕೊಂಡಳು.

ಮಗ್ಗುಲ ಮನೆಯ ನೂರಜಾನಬಿ ಗೋಡೆಯ ಮೇಲೆ ಗದ್ದ ಊರಿ ಕೇಳಿದಳು, "ಏನ ಅಮರಕ್ಕ, ಮಿಷಿನ್ ಬರಾಕತ್ತೈತಂತ? ಇನ್ನ ನೀ ಕುರ್ಚಿ ಹಾಕ್ಕೊಂಡ ಕುಂತು ಕಟ್ಟಿಗಿ ಒಡಿಯಾಕಿ ಬಿಡು."

"ಸುಮ್ನಿರ ನೂರಜಾನ. ಕರೆಂಟ್ ಇದ್ದಾಗ ನಿನ್ನ ಕಟ್ಟಿಗೀನೂ ಒಡದಕೊಡ್ತೀನಿ."

"ಒಡಸ್ಕೊಂತೀನಿ ಮತ್ತ. ಆಮೇಲೆ ಬಿಲ್ ಬಂದೈತಿ ಅಂದಿ ಅಂದ್ರ ಕೇಳಂಗಿಲ್ಲ ನೋಡು!"

ಸೋಮವಾರ ಅವಳು ಮಗಳು ಕೊಟ್ಟ ಇಳಕಲ್ ಸೀರೆ ಉಟ್ಟಳು. ಬಸ್ಸಿನಲ್ಲಿ ಅದರ ಮೇಲೆ ಧೂಳು ಕೂರದಂತೆ ಟವೆಲ್ಲು ಹಾಸಿಕೊಂಡು ಕೂತಳು.

ಉಮರಸಾಬನ ಶೆಡ್ಡು ಅಕ್ಕಿ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿತ್ತು. ಬಿಳಿಗಡ್ಡದ, ಎಣ್ಣೆಗೈಯ ಮನುಷ್ಯ. ಹಸಿರು ಬಣ್ಣ ಬಳಿದ ಮಿಷಿನ್ನು ಮೊಣಕಾಲೆತ್ತರದ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಒಂದು ತುದಿಗೆ ದಪ್ಪ ಅಲಗು, ಇನ್ನೊಂದು ತುದಿಯಿಂದ ಬೊಡ್ಡೆಯನ್ನು ದೂಡುವ ಉಕ್ಕಿನ ಗುದ್ದು. ಹಳೆಯ ಬಣ್ಣ ಅಲ್ಲಲ್ಲಿ ಇಣುಕುತ್ತಿತ್ತು.

"ಎರಡ ಕೈಯ ಮಿಷಿನ್ ಇದು, ಯವ್ವಾ," ಎಂದ ಉಮರಸಾಬ. "ಎಡಗೈಲೆ ಹಿಡಿಕಿ ಒತ್ತಬೇಕು, ಬಲಗೈಲೆ ಗುಂಡಿ. ಎರಡೂ ಒತ್ತಿದ್ರನ ನಡೀತೈತಿ. ಯಾಕ ಹೇಳ್ರಿ? ಒಂದ ಕೈ ಖಾಲಿ ಇತ್ತಂದ್ರ ಅದು ಅಲಗಿನ ಕಡೆನ ಹೋಗತೈತಿ. ಮಾಡಿದಾವ ಶಾಣ್ಯಾ ಇದ್ದ. ನಡಸೋರ ಎರಡೂ ಕೈ ಉಳೀಲಿ ಅಂತ ಮಾಡ್ಯಾನ."

ಅಮರಮ್ಮನಿಗೆ ಆ ಮಾತು ವಿಚಿತ್ರ ಸಮಾಧಾನ ಕೊಟ್ಟಿತು. ಎಲ್ಲೋ ಕೂತ ಯಾರೋ ಒಬ್ಬನು ಕಟ್ಟಿಗೆ ಒಡೆಯುವವರ ಕೈಯ ಬಗ್ಗೆ ಯೋಚನೆ ಮಾಡಿದ್ದ. ಅವಳು ಒತ್ತಿದಳು. ಗುದ್ದು ಗುರುಗುಟ್ಟುತ್ತ ಮುಂದೆ ಬಂದು ಬೊಡ್ಡೆಯನ್ನು ಅಲಗಿಗೆ ಒತ್ತಿತು; ಬೊಡ್ಡೆ ಹೋಳಿಗೆ ಮುರಿದಂತೆ ಎರಡಾಯಿತು. ಭುಜ ತುಸುವೂ ಅಲುಗಲಿಲ್ಲ. ಅವಳಿಗೆ ನಗು ಬಂತು.

ವಿರುಪಾಕ್ಷಿ ಅಷ್ಟರಲ್ಲಿ ಪಿಕಪ್ಪಿನವನ ಜೊತೆ ಬಾಡಿಗೆ ಮಾತಾಡಲು ಹೊರಗೆ ಹೋಗಿದ್ದ. ಉಮರಸಾಬ ದನಿ ತಗ್ಗಿಸಿದ.

"ಇನ್ನೊಂದ ಮಾತು ಐತ್ರಿ. ಸುಳ್ಳ ಹೇಳಿ ಮಾರೋದು ನನಗ ಬೇಕಾಗಿಲ್ಲ. ಹೊಸಾ ಮಿಷಿನ್ ಇದ್ರ ಕೈ ಬಿಟ್ಟ ಕೂಡ್ಲೇ ಗುದ್ದು ನಿಂತುಬಿಡತೈತಿ. ಇದು ನಿಲ್ಲಂಗಿಲ್ಲ. ಆ ಸಾಮಾನು ಸಿಗಲಿಲ್ಲ ನನಗ. ಕೈ ಬಿಟ್ಟರೂ ತುದಿಗಿ ಹೋಗಿ ಟಣ್ ಅಂತ ಬಡದ ಹಿಂದ ಬರತೈತಿ. ಆ ಟಣ್ ಅನ್ನೋಮಟಾ ಕೈ ಹಾಕಬ್ಯಾಡ್ರಿ. ಅದಕ್ಕ ನೋಡ್ರಿ ಅರ್ಧಾ ರೇಟು."

"ಅವ್ರಿಗೂ ಹೇಳ್ರಲ್ಲ."

"ಅವ್ರಿಗೆ ಹೇಳಿ ಏನ್ ಮಾಡ್ಲಿ? ನಡಸೋ ಕೈ ನಿಮ್ಮದು."

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಡ್ರೈವರ್, ವಿರುಪಾಕ್ಷಿ, ಬಾಗಿಲ ಬದಿಗೆ ಅಮರಮ್ಮ. ಮಿಷಿನ್ನನ್ನು ಎಲ್ಲಿಡಬೇಕೆಂದು ಅವಳು ಲೆಕ್ಕ ಹಾಕುತ್ತಿದ್ದಳು. ಬಚ್ಚಲ ಪಕ್ಕದ ಚಪ್ಪರ ಒಳ್ಳೆಯದು. ಮಳೆ ಬೀಳುವುದಿಲ್ಲ, ನೂರಜಾನಳಿಗೂ ಕಾಣುತ್ತದೆ. ಪೇಟೆ ದಾಟಿದ ಮೇಲೆ ಗಾಡಿ ಕನಕಗಿರಿಯ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಎರಡೂ ಬದಿಗೆ ಭತ್ತದ ಗದ್ದೆಗಳು, ತುಂಬಿದ ಕಾಲುವೆ, ಬೆಳ್ಳಕ್ಕಿಗಳು.

"ಇದು ಸಿದ್ದಾಪುರದ ದಾರಿ ಅಲ್ಲೇನ್ರಿ?"

ವಿರುಪಾಕ್ಷಿ ಮುಂದೆ ನೋಡುತ್ತಲೇ ಇದ್ದ. "ಹೌದು. ಮಿಷಿನ್ ಅಲ್ಲೇ ಇಳಸೋದು. ಹುಲಿಗೆವ್ವಗ ಕೊಡ್ಲಿ ಎತ್ತಾಕ ಬರಂಗಿಲ್ಲ. ಕೈ ತುಂಬ ಬೊಬ್ಬಿ ಆಗ್ಯಾವ." ಆ ಮನೆಯವಳ ಹೆಸರನ್ನು ಅವನು ಅಮರಮ್ಮನ ಮುಂದೆ ಎತ್ತಿದ್ದು ಅದೇ ಮೊದಲು. "ಆಕಿಗೆ ಮಿಷಿನ್ ಅಂದ್ರ ಅಂಜಿಕಿ. ಗಂಡಸರ ಶೆಡ್ಡಿಗೆ ಬರಂಗಿಲ್ಲ ಅಂದ್ಲು. ನಿನಗ ಕಟ್ಟಿಗಿ ಕೆಲಸ ಗೊತ್ತೈತಿ, ನೀ ಕಲತು ಆಕಿಗೆ ತೋರಿಸು. ಹತ್ತ ನಿಮಿಷದ ಕೆಲಸ."

ಡ್ರೈವರ್ ಕೆಮ್ಮಿ ಹಾಡಿನ ದನಿ ಏರಿಸಿದ. ಅಮರಮ್ಮ ಟವೆಲ್ಲನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು.

ಅದು ಚಿಕ್ಕ ಮನೆ, ಬಾಗಿಲಿಗೆ ನೀಲಿ ಬಣ್ಣ. ಆ ಮನೆಯನ್ನು ಅವಳು ಎಷ್ಟೋ ರಾತ್ರಿ ಮನಸ್ಸಿನಲ್ಲಿ ಕಟ್ಟಿ ಕೆಡವಿದ್ದಳು. ನೀಲಿ ಬಣ್ಣ ಮಾತ್ರ ಹೊಳೆದಿರಲಿಲ್ಲ. ಅಂಗಳದಲ್ಲಿ ಒಟ್ಟಿದ್ದ ಬೊಡ್ಡೆಗಳನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಅವಳ ಹೊಲದ ಬದುವಿನವು. ಅವಳ ಕೊಡಲಿಯ ಗಾಯಗಳಿದ್ದವು. ಎಲ್ಲಕ್ಕಿಂತ ಮೇಲಿನ ಬೊಡ್ಡೆಯ ಬಿರುಕಿನಲ್ಲಿ ಅಣಬೆ ತಲೆಯ ಬೆಣೆ ಹಾಗೇ ಇತ್ತು. ಯಾವ ಭಟ್ಟಿಯೂ ಇರಲಿಲ್ಲ.

"ಬಾ ಅಕ್ಕಾ," ಎಂದು ಹುಲಿಗೆವ್ವ ನೀರಿನ ತಂಬಿಗೆ ಹಿಡಿದು ನಿಂತಳು. ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಮೊಣಕೈವರೆಗೆ ಹಸಿರು ಗಾಜಿನ ಬಳೆ. ವಿರುಪಾಕ್ಷಿ ಅಂಗಿ ಬಿಚ್ಚಿ, ನೋಡದೆಯೇ ಕೈ ಚಾಚಿ, ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿದ. ಹುಲಿಹೈದರದ ಮನೆಯಲ್ಲಿ ಅವನು ಅಂಗಿಯನ್ನು ಎಸೆಯುತ್ತಿದ್ದ. ಅಲ್ಲಿ ಗೂಟ ಎಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ಅವನೇ ವಾಯರ್ ಎಳೆದು ಪ್ಲಗ್ ಹಾಕಿದ. "ತೋರಿಸು," ಎಂದು ಒಳಗೆ ಹೋಗಿ ಮಂಚದ ಮೇಲೆ ಅಡ್ಡಾದ.

ಅಮರಮ್ಮ ತೋರಿಸಿದಳು. ಎಡಗೈ ಇಲ್ಲಿ, ಬಲಗೈ ಇಲ್ಲಿ. ಒಂದು ಬೊಡ್ಡೆ ಸೀಳಿ ಎರಡಾಯಿತು. ಗುದ್ದು ಟಣ್ ಎಂದು ಹಿಂದೆ ಹೋಯಿತು. ಉಮರಸಾಬನ ಇನ್ನೊಂದು ಮಾತು ನಾಲಗೆಯ ಮೇಲೆಯೇ ಇತ್ತು. ಅದನ್ನು ಹೇಳಲು ಅವಳು ಬಾಯಿ ತೆರೆದಳು, ಆದರೆ "ಇಷ್ಟ ನೋಡು," ಎಂದಳು.

"ಇಷ್ಟ ಏನು? ಸುಮ್ನ ಅಂಜಿದ್ದೆ ನೋಡ ಅಕ್ಕಾ," ಎಂದು ಹುಲಿಗೆವ್ವ ನಕ್ಕಳು. "ಸರೀ, ನಾ ಮಾಡ್ತೀನಿ."

ಮೇಲಿನ ಬೊಡ್ಡೆಯನ್ನೇ ಎತ್ತಿ ಇಟ್ಟಳು. ಎರಡೂ ಕೈಯಿಂದ ಒತ್ತಿದಳು. ಗುದ್ದು ಬಂತು. ಬೊಡ್ಡೆ ಚಟಚಟ ಎಂದು ಬಾಯಿ ತೆರೆಯುತ್ತಿದ್ದಂತೆ ಒಳಗಿನ ಕಬ್ಬಿಣ ಹೊಳೆಯಿತು. "ಅಯ್ಯ, ಇದೇನಿದು?" ಎಂದು ಹುಲಿಗೆವ್ವ ಗುಂಡಿ ಬಿಟ್ಟು ಬಲಗೈ ಚಾಚಿದಳು.

ಗುದ್ದು ನಿಲ್ಲಲಿಲ್ಲ. ಆ ಕೈ ಹೋಗುವುದನ್ನು ಅಮರಮ್ಮ ನೋಡಿದಳು. ಹಸಿರು ಬಳೆಗಳು ಒಂದರ ಮೇಲೊಂದು ಜಾರಿ ಮುಂಗೈಗೆ ಬಂದು ನಿಂತದ್ದನ್ನು ನೋಡಿದಳು. ಅಂಗೈಯಲ್ಲಿ ಬೊಬ್ಬೆಗಳಿದ್ದದ್ದು ನಿಜವೇ ಎಂದು ನೋಡಿದಳು. ಅಷ್ಟೆಲ್ಲ ನೋಡುವಷ್ಟು ಹೊತ್ತು ಅವಳು ಸುಮ್ಮನೆ ನಿಂತಿದ್ದಳು. ಆಮೇಲೆ ಮುಂದೆ ನೆಗೆದು ಆ ಮುಂಗೈಯನ್ನು ಹಿಡಿದು ಜಗ್ಗಿದಳು. ಬಳೆಗಳು ಅವಳ ಮುಷ್ಟಿಯಲ್ಲಿ ಪುಡಿಯಾದವು. ಗುದ್ದು ಟಣ್ ಎಂದಿತು. ಬೊಡ್ಡೆ ಇಬ್ಭಾಗವಾಗಿ ಬೆಣೆ ನೆಲಕ್ಕೆ ಬಿತ್ತು.

ಸಪ್ಪಳಕ್ಕೆ ವಿರುಪಾಕ್ಷಿ ಹೊರಗೆ ಬಂದ. ಹುಲಿಗೆವ್ವನ ಮುಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಅಂಗಳದ ತುಂಬ ಗಾಜಿನ ಚೂರು.

"ಏನ್ ಮಾಡಿದಿ ಆಕಿಗೆ? ಮುತ್ತೈದಿ ಬಳಿ ಒಡದೇನ? ಇಷ್ಟ ಹೊಟ್ಟಿಕಿಚ್ಚೇನ ನಿನಗ?"

ಹುಲಿಗೆವ್ವ ಬಿಳಿಚಿಕೊಂಡು ನಿಂತಿದ್ದಳು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಬದಲಿಗೆ ಅಮರಮ್ಮನ ಮುಖವನ್ನು ನೋಡಿದಳು. ನೀನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಕೇಳಿದಂತಿತ್ತು ಆ ನೋಟ.

"ಟಣ್ ಅನ್ನೋಮಟಾ ಕೈ ಹಾಕಬಾರದು," ಎಂದಳು ಅಮರಮ್ಮ. "ಕೈ ಬಿಟ್ಟರೂ ಅದು ನಿಲ್ಲಂಗಿಲ್ಲ. ಉಮರಸಾಬ ಹೇಳ್ಯಾನ."

"ಅದನ್ನ ಮೊದ್ಲ ಹೇಳಾಕ ಏನಾಗಿತ್ತು ನಿನ್ನ ಬಾಯಿಗೆ?" ಎಂದ ವಿರುಪಾಕ್ಷಿ.

ಅಮರಮ್ಮ ಬಗ್ಗಿ ಬೆಣೆ ಎತ್ತಿಕೊಂಡು ಟವೆಲ್ಲಿನಲ್ಲಿ ಸುತ್ತಿದಳು. ವಿರುಪಾಕ್ಷಿ ಹುಲಿಗೆವ್ವನ ಕೈಗೆ ಅರಿಶಿನ ಮೆತ್ತುತ್ತ, ತಿರುಗಿ ನೋಡದೆ, "ಬಸ್ಸಿಗೆ ಹೋಗು. ನಾ ಬರೋ ಸೋಮಾರ ಬರ್ತೀನಿ," ಎಂದ.

ಊರಿಗೆ ಬಂದಾಗ ಬಿಸಿಲು ಇಳಿದಿತ್ತು. ನೂರಜಾನಬಿ ಗೋಡೆಯ ಬಳಿಯೇ ಕಾಯುತ್ತಿದ್ದಳು.

"ಎಲ್ಲೈತಿ ಅಮರಕ್ಕ ನಿನ್ನ ಮಿಷಿನ್?"

"ಇನ್ನೂ ರಿಪೇರಿ ಆಗಬೇಕಂತ."

ನೂರಜಾನಬಿ ಅವಳ ಅಂಗೈಯಲ್ಲಿ ಗಾಜು ಗೀರಿದ ಗೆರೆಗಳನ್ನು ನೋಡಿದಳು. "ಚಾ ಮಾಡೀನಿ, ತರ್ತೀನಿ ತಡಿ," ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಮರಮ್ಮ ಉಳಿದ ಬೊಡ್ಡೆಗಳಲ್ಲಿ ಒಂದನ್ನು ಹೊರಳಿಸಿ, ಬೆಣೆ ಇಟ್ಟು ಒಡೆದಳು. ಭುಜ ಕಟಕ್ಕೆಂದಿತು. ಯಾವಾಗಲೂ ಎರಡು ಒಟ್ಟಿಲು ಮಾಡುತ್ತಿದ್ದಳು, ಸಣ್ಣ ಸೀಳು ರೊಟ್ಟಿಯ ಒಲೆಗೆ, ದಪ್ಪನೆಯವು ಹಂಡೆಗೆ. ಸಣ್ಣ ಒಟ್ಟಿಲು ಮೊಣಕಾಲೆತ್ತರ ಬಂದ ಮೇಲೆ ಕೊಡಲಿಯನ್ನು ಗೋಡೆಗೆ ಒರಗಿಸಿದಳು.

ಹಂಡೆಯಲ್ಲಿ ಉಳಿದ ತಣ್ಣೀರನ್ನು ಕರಿಬೇವಿನ ಬುಡಕ್ಕೆ ಹೊಯ್ದು ಅದನ್ನು ಬೋರಲು ಹಾಕಿದಳು. ಒಲೆಯ ಬೂದಿಯನ್ನು ಕೈಯಿಂದ ಸವರಿ ತಗ್ಗು ಮಾಡಿ, ಒಣಹುಲ್ಲು ಹಾಸಿ, ಬುಟ್ಟಿಯಲ್ಲಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಒಳಗಿಟ್ಟಳು. ಕರಿಕೋಳಿ ದೂರದಲ್ಲಿ ನಿಂತು, ಇದರಲ್ಲೇನೋ ಮೋಸವಿದೆ ಎನ್ನುವಂತೆ ಕತ್ತು ಓರೆ ಮಾಡಿ ನೋಡಿತು.

"ಬಾ," ಎಂದಳು ಅಮರಮ್ಮ.

ಅದು ಬಂತು. ಒಳಗೆ ಹೊಕ್ಕು, ಕಾಲಿನಿಂದ ಮೊಟ್ಟೆಗಳನ್ನು ಅತ್ತಿತ್ತ ಸರಿಸಿ, ಪುಕ್ಕ ಹರಡಿ ಮೆಲ್ಲಗೆ ಇಳಿದು ಕೂತಿತು. ನಾಯಿ ಬಾಯಿ ಹಾಕದಿರಲೆಂದು ಅವಳು ದಪ್ಪನೆಯ ಹೋಳೊಂದನ್ನು ಹೊರಳಿಸಿ ಒಲೆಯ ಬಾಯಿಗೆ ಅಡ್ಡ ಇಟ್ಟಳು.