ಎರಡನೇ ಸಾಲು ನಂಜಮ್ಮನದು

ಭೈರಪ್ಪ ಮೇಷ್ಟ್ರಿಗೆ ಊಟಕ್ಕೆ ಮುಂಚೆ ಹೇಳಲು ಮಂತ್ರವಿರಲಿಲ್ಲ, ಇಂಗ್ಲಿಷ್ ಪದ್ಯವಿತ್ತು. ನಾನೂರು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಆರೋಗ್ಯದ ಮೇಲೆ ಹೊಸೆದ ಎರಡು ಸಾಲು. ಹಸಿವಿರುವಾಗಲೇ ಎಲೆ ಬಿಟ್ಟೇಳು ಎಂಬರ್ಥದ ಮೊದಲನೆಯದನ್ನು ಅವರು ಹೇಳಬೇಕು. ಅರ್ಧ ಉಂಡವನಿಗೆ ಆಯುಸ್ಸು ಪೂರ್ತಿ ಎಂಬರ್ಥದ ಎರಡನೆಯದನ್ನು ಹೆಂಡತಿ ನಂಜಮ್ಮ ಒಪ್ಪಿಸಬೇಕು. ಪಾಪ, ಅವಳಿಗೆಲ್ಲಿಯ ಇಂಗ್ಲಿಷು! ಬಾಯಿಪಾಠ ಒಪ್ಪಿಸಿ, ಹೋಳಿಗೆಯೋ ಮುದ್ದೆಯೋ, ಮುರಿದು ಅರ್ಧವನ್ನು ಪಾತ್ರೆಗೆ ವಾಪಸ್ ಹಾಕುತ್ತಿದ್ದಳು. ಮೇಷ್ಟ್ರ ಕಥೆಯೇ ಬೇರೆ. ಪಿಂಚಣಿ ಕೆಲಸವೆಂದು ಶಿವಮೊಗ್ಗಕ್ಕೆ ಹೋಗಿ, ಎರಡೆರಡು ಬೆಣ್ಣೆ ದೋಸೆ ಹೊಡೆದು, ಬಾಯಿ ಒರೆಸಿಕೊಂಡು ಜನ್ನಾಪುರದ ಮನೆಗೆ ಬರುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಂಜಮ್ಮ ಆಸ್ಪತ್ರೆ ಸೇರಿದಳು. "ಒಂದು ಹೋಳಿಗೆ ತಿನ್ನಂಗಾಗಿದೆ ಕಣ್ರೀ" ಎಂದಳು. ಡಾಕ್ಟರೇನೂ ಬೇಡವೆಂದಿರಲಿಲ್ಲ. ಆದರೆ ಮೇಷ್ಟ್ರ ಬಾಯಿಗೆ ಮೊದಲನೇ ಸಾಲು ಬಂತು. ಅವಳು ನಕ್ಕು, ಎರಡನೆಯದನ್ನು ಒಪ್ಪಿಸಿ, ಗೋಡೆಯ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಲೇ ಇಲ್ಲ.

ಅಂದಿನಿಂದ ಮೇಷ್ಟ್ರಿಗೆ ಅನ್ನ ಸೇರುತ್ತಿಲ್ಲ. ತಟ್ಟೆ ಮುಂದೆ ಕೂತರೆ ಸಾಕು, ಬೇಡವೆಂದರೂ ನಾಲಿಗೆ ಆ ಸಾಲು ಹೇಳಿಬಿಡುತ್ತದೆ. ಅಡುಗೆಮನೆಯಿಂದ ಎರಡನೆಯದು ಬರುತ್ತದೆ, ನಂಜಮ್ಮನದೇ ತಪ್ಪು ಉಚ್ಚಾರಣೆಯಲ್ಲಿ. ಪಕ್ಕದಲ್ಲೇ ನಿಂತ ಸೊಸೆ ಮಂಜುಶ್ರೀಗೆ ಏನೂ ಕೇಳಿಸುವುದಿಲ್ಲ. ಅವರಿಗೀಗ ಇರುವುದು ಒಂದೇ ಆಸೆ: ಹಿರಿಯರ ಹಬ್ಬಕ್ಕೆ ನಂಜಮ್ಮ ಬಂದು, ಹೊಟ್ಟೆ ತುಂಬ ಉಂಡು, ನೆಮ್ಮದಿಯಾಗಿ ಹೋಗಲಿ.

ಹಬ್ಬ ಬಂತು. "ಮಾವ, ಎಡೆಗೆ ಏನ್ ಮಾಡ್ಲಿ? ಅತ್ತೆಗೆ ಏನಿಷ್ಟ ಇತ್ತು?" ಎಂದಳು ಮಂಜುಶ್ರೀ.

"ಹೋಳಿಗೆ ಕಣಮ್ಮ. ತುಪ್ಪ ಸುರಿ. ಕೈ ಹಿಡೀಬೇಡ."

ಮಂಜುಶ್ರೀ ನಡುಮನೆಯ ಕೋಣೆಯಲ್ಲಿ ನಂಜಮ್ಮನ ಫೋಟೋ ಮುಂದೆ ಬಾಳೆಲೆ ಹಾಸಿ, ಡಬ್ಬಿಯಲ್ಲಿದ್ದ ಹೋಳಿಗೆಯನ್ನು ಬಡಿಸಿ, ಖಾಲಿ ಡಬ್ಬಿಯನ್ನು ಅಲ್ಲೇ ಬಿಟ್ಟಳು. ಮಗ ವಸಂತ್ ಪೂಜೆ ಮುಗಿಸಿ ಕಾಗೆಗೆ ಅನ್ನವಿಡಲು ಮಹಡಿ ಹತ್ತಿದ. ಇನ್ನು ಬಾಗಿಲು ಹಾಕಿಕೊಂಡು ಹೊರಗಿರಬೇಕು. ಹಿರಿಯರು ಉಣ್ಣುವುದನ್ನು ಯಾರೂ ನೋಡಬಾರದು. ಮೇಷ್ಟ್ರು ಹೊಸ್ತಿಲಾಚೆ ನಿಂತು ಕೈಮುಗಿದರು. ಎದುರಿಗೆ ತುಂಬಿದ ಎಲೆ. ಹಾಳು ನಾಲಿಗೆ, ಮೊದಲನೇ ಸಾಲು ಹೇಳಿಯೇಬಿಟ್ಟಿತು!

"ಎಡೆ ಮುಂದೇನೂ ಇಂಗ್ಲಿಷಾ ಮಾವ?" ಎಂದು ನಗುತ್ತ ಮಂಜುಶ್ರೀ ಬಾಗಿಲೆಳೆದಳು.

ಒಳಗಿನಿಂದ ಎರಡನೇ ಸಾಲು ಬಂತು. ಮೇಷ್ಟ್ರ ಕೈ ಚಿಲಕಕ್ಕೆ ಹೋಯಿತು. ಬಾಗಿಲು ತೆಗೆಯುವಂತಿಲ್ಲ, ನಿಲ್ಲಲೂ ಆಗುತ್ತಿಲ್ಲ.

ಹೊತ್ತಾದ ಮೇಲೆ ಮಂಜುಶ್ರೀ ಬಾಗಿಲು ತೆರೆದಳು. ಎಲೆಯ ಮೇಲೆ ಹೋಳಿಗೆ ಇರಲಿಲ್ಲ. ಡಬ್ಬಿಯೊಳಗೆ ಅರ್ಧ ಹೋಳಿಗೆಯಿತ್ತು.

"ಡಬ್ಬೀನ ನಾನೇ ಖಾಲಿ ಮಾಡಿದ್ದೆ ಮಾವ..." ಎಂದು ಅವಳು ಹಿಂದೆ ಸರಿದಳು.

ಮೇಷ್ಟ್ರು ಆ ಅರ್ಧವನ್ನೆತ್ತಿ ಎಲೆಗೆ ಹಾಕಿದರು. "ಪೂರ್ತಿ ತಿನ್ನೇ ನಂಜಿ, ನಿನ್ನ ದಮ್ಮಯ್ಯ! ಆ ಪದ್ಯ ನಿಂಗೊಬ್ಬಳಿಗೇ ಆಗಿತ್ತು ಕಣೇ. ನಾನು ಶಿವಮೊಗ್ಗದಲ್ಲಿ ದೋಸೆ ತಿಂತಿದ್ದೆ, ಎರಡೆರಡು" ಎಂದು ಗೊಳೋ ಎಂದು ಅತ್ತರು. ತಾವೇ ಹೊರಬಂದು ಬಾಗಿಲು ಹಾಕಿದರು. ಈ ಸಲ ಬಾಯಿ ಬಿಗಿಹಿಡಿದು ನಿಂತರು.

ಆಮೇಲೆ ಒಳಗಿನಿಂದ ನಂಜಮ್ಮನ ದನಿ ಕೇಳಿಸಿತು. ಅವಳು ಹೇಳಿದ್ದು ಮೊದಲನೇ ಸಾಲು. ಹೇಳಿ, ಸುಮ್ಮನೆ ಕಾದಳು.

ಭೈರಪ್ಪ ಮೇಷ್ಟ್ರು ಕೈಕಟ್ಟಿ ನಿಂತು ಎರಡನೆಯದನ್ನು ಒಪ್ಪಿಸಿದರು.