ದಾರ ಕಂಪನಿಯದು

"ಏಯ್ ಲೌಡಿ, ನಿಲ್ಲೇ ಅಲ್ಲೇ! ಯಾವ ಸೀಮೆ ಮಹಾರಾಣಿ ನೀನು?"

ಸೂಪರ್‌ವೈಸರ್ ಕೂಗಿದ್ದು ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಿಂದ. ಶನಿವಾರ ಸಂಜೆ, ತಪಾಸಣೆಗೆಂದು ಸಾಲು ನಿಂತಿದ್ದ ಮುನ್ನೂರು ಹೆಂಗಸರು ಒಟ್ಟಿಗೆ ತಿರುಗಿದರು. ನಡುವೆ ಕಾಜದ ಹುಡುಗಿ. ದಿನವಿಡೀ ಅಂಗಿಗಳಿಗೆ ಗುಂಡಿಯ ಕಾಜ ಹೊಲಿಯುವುದು ಅವಳ ಕೆಲಸ. ಅದೇ ಹೆಸರೂ ಆಗಿಹೋಗಿತ್ತು. ಬೂದು ಬಣ್ಣದ ಏಪ್ರನ್ ಕಳಚಿ, ತಾನೇ ಹೊಲಿದ ಜಾಕೆಟ್ ತೊಟ್ಟಿದ್ದಳು. ಹಳದಿ, ನೀಲಿ, ಕೆಂಪು, ಎಲ್ಲ ಎರಡೆರಡು ಅಂಗುಲದ ಚಿಂದಿ. ಅಜ್ಜಿ ಕಥೆಯ ಕಾಡಿನಲ್ಲಿ ಮಾತಾಡುವ ಹಕ್ಕಿ ಇರುತ್ತದಲ್ಲ, ಅದು ದಾರಿ ತಪ್ಪಿ ಬಂದು ಇವಳ ಬೆನ್ನ ಮೇಲೆ ಕೂತ ಹಾಗಿತ್ತು.

ಅವಳ ಹಿಂದೆಯೇ ನಿಂತವಳು ಅವಳ ದೊಡ್ಡಮ್ಮ. ಕಾರ್ಖಾನೆಗೆಲ್ಲ ಬಿಚ್ಚಕ್ಕ. ಸೊಟ್ಟ ಹೊಲಿಗೆಯನ್ನು ಬಟ್ಟೆಗೆ ಗಾಯವಾಗದಂತೆ ಬಿಚ್ಚಲು ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

"ಎಲ್ಲಿ ಕದ್ದೆ?"

"ಕದ್ದಿಲ್ಲ ಸಾರ್. ಶನಿವಾರ ಶನಿವಾರ ಒಂದ್ ಹಿಡಿ ಚಿಂದಿ ಕೊಡ್ತೀರಲ್ಲ, ಅದೇ. ಎಂಟು ತಿಂಗಳು ಕೂಡಿಸ್ದೆ."

"ಅದು ಕೊಡೋದು ಒರೆಸೋಕೆ ಕಣೇ, ಮೆರೆಯೋಕಲ್ಲ!"

ಯಾರೋ ಕಿಸಕ್ಕೆಂದರು. ಹುಡುಗಿ ತಲೆ ತಗ್ಗಿಸಲಿಲ್ಲ. ಅದೇ ಎಡವಟ್ಟಾದದ್ದು. ಹುಟ್ಟಿದಾಗಿನಿಂದ ಬೆನ್ನು ಬಾಗಿಸಿಯೇ ನಡೆದವಳು, ಆ ಜಾಕೆಟ್ ತೊಟ್ಟ ಮೇಲೆ ನೆಟ್ಟಗೆ ನಿಂತಿದ್ದಳು.

"ಗೋಡೆ ಮೇಲೆ ನೀವೇ ಬರ್ಸಿದೀರಲ್ಲ ಸಾರ್, ‘ನಿನ್ನ ಉಡುಪೇ ನಿನ್ನ ದನಿ’ ಅಂತ."

"ಅದು ಕೊಳ್ಳೋರಿಗೆ. ಹೊಲಿಯೋ ಮುಂಡೇವಕ್ಕಲ್ಲ." ಅವಳ ತೋಳು ಹಿಡಿದು ತಿರುಚಿ ನೋಡಿದ. "ಚಿಂದಿ ನಿಂದೇ ಅನ್ಕೊ. ದಾರ ಯಾರಪ್ಪಂದು? ನಾಲ್ಕನೇ ಲೈನಲ್ಲಿ ಹೊಲಿಯೋ ನೀಲಿ ಇದು. ಯಾರು ಕೊಟ್ರು, ಬೊಗಳು."

ಹುಡುಗಿ ಬಾಯಿ ಬಿಡಲಿಲ್ಲ. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

ಕೊಟ್ಟವಳು ಬಿಚ್ಚಕ್ಕ. ಬಿಚ್ಚಿದ ದಾರ ಹೇಗೂ ಕಸದ ಬುಟ್ಟಿಗೆ; ಉದ್ದದ ಎಳೆಗಳನ್ನು ಆರಿಸಿ, ಗಂಟು ಹಾಕಿ, ಖಾಲಿ ರೀಲಿಗೆ ಸುತ್ತಿ, "ತಗೋ ಮಗಾ, ಹೊಲ್ಕೊ" ಅಂದಿದ್ದಳು. ಈಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷದ ಕೆಲಸ ಕಣ್ಣ ಮುಂದೆ ಬಂದು ನಿಂತಿತು.

"ಬಿಚ್ಚಕ್ಕಾ, ಬಾರಮ್ಮ. ನಮ್ ದಾರ ನಮಗೆ ಬಿಚ್ಚಿ ಕೊಡು. ಒಂದೆಳೆನೂ ಬಿಡ್ಬೇಡ."

"ಮೈ ಮೇಲೇನಾ ಸಾರ್?"

ಅವಳು ಕೇಳಿದ್ದು ಅಷ್ಟೇ. ಬೇಡ ಅಂತಲ್ಲ, ಮೈ ಮೇಲೇನಾ ಅಂತ.

"ಇಲ್ಲ, ಪರದೆ ಕಟ್ಟಿಸ್ತೀನಿ ತಡಿ!"

ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಪುಟ್ಟ ಕತ್ತರಿ ಕೈಗೆ ಬಂತು. ಅದರ ಒಂದು ಮೊನೆ ಉದ್ದ, ಒಂದು ಗಿಡ್ಡ. ಮೊದಲು ಹೆಗಲು, ಆಮೇಲೆ ತೋಳು, ಆಮೇಲೆ ಪಕ್ಕೆ. ಕೈ ನಡುಗಿದ್ದರೆ ಅದೊಂದು ಪುಣ್ಯವಾದರೂ ಸಿಗುತ್ತಿತ್ತು. ನಡುಗಲಿಲ್ಲ. ಒಂದು ಚಿಂದಿಯೂ ಹರಿಯದ ಹಾಗೆ, ಎಂದಿನಂತೆ, ಅಚ್ಚುಕಟ್ಟಾಗಿ ಬಿಚ್ಚಿದಳು.

"ಭೇಷ್!" ಎಂದ ಸೂಪರ್‌ವೈಸರ್.

ಆ ಭೇಷ್ ಕಿವಿಗೆ ಬಿದ್ದಾಗ ಅವಳಿಗೆ, ಅಯ್ಯೋ ದೇವರೇ, ಒಂದು ಗಳಿಗೆ ಹಿತವಾಯಿತು. ಅಜ್ಜಿ ಕಥೆಯಲ್ಲಾಗಿದ್ದರೆ ಭೂಮಿ ಬಾಯ್ತೆರೆದು ಅವಳನ್ನು ಒಳಗೆ ಕರೆದುಕೊಳ್ಳುತ್ತಿತ್ತು. ಇಲ್ಲಿದ್ದದ್ದು ಸಿಮೆಂಟು ನೆಲ.

ಹುಡುಗಿ ಒಳಅಂಗಿಯಲ್ಲಿ ಎದೆಗೆ ಕೈ ಅಡ್ಡಹಿಡಿದು ನಿಂತಳು. ಬೆನ್ನು ಮತ್ತೆ ಬಾಗಿತ್ತು. ದೊಡ್ಡಮ್ಮ ನೆಲದಿಂದ ಚಿಂದಿ ಆರಿಸಿ ಮಡಿಲಿಗೆ ತುಂಬಿಕೊಳ್ಳುವಾಗ ಹುಡುಗಿಯೇ ಮೆಲ್ಲಗೆ ಕೇಳಿದಳು:

"ಕೈ ನೋಯ್ತಾ ದೊಡ್ಡಮ್ಮಾ?"

ಭಾನುವಾರ ಬೆಳಗಿನಿಂದ ಸಂಜೆವರೆಗೆ ಬಿಚ್ಚಕ್ಕ ಕೂತಲ್ಲಿಂದ ಏಳಲಿಲ್ಲ. ತನ್ನ ದಿಂಬಿನ ಚೀಲದ ಹೊಲಿಗೆ ಬಿಚ್ಚಿ ಆ ದಾರವನ್ನೇ ಸೂಜಿಗೆ ಪೋಣಿಸಿದಳು. ಯಾವ ಚಿಂದಿ ಯಾವುದರ ಪಕ್ಕ ಎನ್ನುವುದು ಬಿಚ್ಚಿದ ಕೈಗೆ ಗೊತ್ತಿತ್ತು. ಹಳೆಯ ಸೂಜಿ ತೂತುಗಳೂ ಹಾಗೇ ಇದ್ದವು. ಹುಡುಗಿ ಅದೇ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ತೊಟ್ಕೊ ಮಗಾ."

"ನಂಗ್ಬೇಡ. ನೀನೇ ಹಾಕ್ಕೊ."

ಸೋಮವಾರ ಬೆಳಿಗ್ಗೆ ಗೇಟಿನ ಸಾಲಿನಲ್ಲಿ ನಗೆ ಎದ್ದಿತು. ಐವತ್ತರ ಮೈಗೆ ಹದಿನೆಂಟರ ಜಾಕೆಟ್. ಕಂಕುಳಲ್ಲಿ ಬಿಗಿದು, ಎರಡೂ ತೋಳು ಬೆದರುಬೊಂಬೆಯಂತೆ ಆಚೀಚೆ ಚಾಚಿಕೊಂಡಿದ್ದವು.

"ಏನೇ ಮುದುಕಿ, ತಲೆ ಕೆಟ್ಟಿದ್ಯಾ? ಬಿಚ್ಚು!"

"ಆವತ್ತಿನ ದಾರ ಕೊಟ್ಟೋಳು ನಾನು." ದನಿ ಒಡೆಯಿತು. ಮತ್ತೆ ಕೂಗಿದಳು, "ಕೇಳ್ಸ್ಕೊಳ್ರಮ್ಮಾ ಎಲ್ರೂ! ದಾರ ಕೊಟ್ಟಿದ್ದು ನಾನು, ಬಾಯ್ಮುಚ್ಕೊಂಡಿದ್ದೂ ನಾನೇ! ಇವತ್ತಿನ ದಾರ ನನ್ ದಿಂಬಿಂದು."

"ಬಿಚ್ಚು ಅಂದೆ ನಾನು."

ಕುತ್ತಿಗೆಯಿಂದ ಕತ್ತರಿ ತೆಗೆದು ಅವನ ಅಂಗೈಯಲ್ಲಿಟ್ಟಳು. "ತಗೊಳ್ಳಿ. ನೀವೇ ಬಿಚ್ಚಿ."

ನಗೆ ನಿಂತಿತು. ಕಾಜದ ಹುಡುಗಿ ಬಾಗಿದ ಬೆನ್ನಿನಲ್ಲೇ ಪಕ್ಕದಿಂದ ಹಾದು ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಸೂಪರ್‌ವೈಸರ್ ಕತ್ತರಿಯನ್ನು ಹಿಂದುಮುಂದು ಮಾಡಿ ನೋಡಿದ. ಯಾವ ಮೊನೆ ಹೊಲಿಗೆಯೊಳಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ. ಬಿಚ್ಚಕ್ಕ ಹೇಳಿಕೊಡಲಿಲ್ಲ. ತೋಳು ಇಳಿಸಲಾಗದೆ ಹಾಗೇ ನಿಂತಿದ್ದಳು.