ನಾಲ್ಕನೇ ಲೇತಿನ ಕೀ

ಮೊದಲ ವರ್ಷದ ಎಂಜಿನಿಯರಿಂಗ್ ಮಕ್ಕಳಿಗೆ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಸುತ್ತಿದ್ದವರಿಗೆ ಕೀ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಬೀಳದೆ ಇನ್ನೇನು? ಕಬ್ಬಿಣದ ಸಲಾಕೆಯನ್ನು ಕಚ್ಚಿ ಹಿಡಿದು ತಿರುಗುವ ಚಕ್ಕನ್ನು ಬಿಗಿಯಲು ಗೇಣುದ್ದದ ಒಂದು ಕೀ ಇರುತ್ತದೆ. ಬಿಗಿದ ಕೂಡಲೇ ಅದನ್ನು ತೆಗೆಯಬೇಕು, ಮರೆತು ಸ್ವಿಚ್ ಒತ್ತಿದರೆ ಹಾರಿಬಂದು ಮುಖಕ್ಕೇ ಬಡಿಯುತ್ತದೆ ಎಂದು ವರ್ಷವಿಡೀ ಮಕ್ಕಳ ತಲೆ ತಿನ್ನುತ್ತಿದ್ದರು. ಅಳತೆ, ಉಳಿ, ವೇಗ ಎಲ್ಲ ಆಮೇಲೆ.

ನಾಲ್ಕನೇ ಲೇತಿಗೆ ಮಾತ್ರ ಆರು ವರ್ಷದಿಂದ ಟಾರ್ಪಾಲು ಹೊದಿಸಿತ್ತು. ಅದರಲ್ಲಿ ದೆವ್ವ ಇದೆಯೆಂದು ಸೀನಿಯರ್‌ಗಳು ಹೊಸಬರನ್ನು ಹೆದರಿಸುತ್ತಿದ್ದರು. ಪಾಪ, ಅವರಿಗೇನು ಗೊತ್ತು! ದೆವ್ವ ಇದ್ದದ್ದು ಮೇಷ್ಟ್ರ ಕಿವಿಯಲ್ಲಿ. ಯಾರು ಯಾವ ಸ್ವಿಚ್ ಒತ್ತಿದರೂ ಅವರಿಗೆ ಮೊದಲು ಠಣ್ ಎಂದು ಕೇಳುತ್ತಿತ್ತು, ಆಮೇಲೆ ಒಬ್ಬ ಹುಡುಗನ ಉಸಿರು ಸಿಕ್ಕಿಕೊಂಡ ಸದ್ದು. ಹಾಡುಹಗಲೇ, ಇಪ್ಪತ್ತು ಮಕ್ಕಳ ನಡುವೆ ನಿಂತು ಬೆವರುತ್ತಿದ್ದರು.

ಈ ಸಲದ ತಂಡದಲ್ಲಿ ಒಬ್ಬ ಹುಡುಗಿ ನಾಲ್ಕು ವಾರವಾದರೂ ಕೀ ಮುಟ್ಟಿರಲಿಲ್ಲ. ಲೆಕ್ಕದಲ್ಲಿ ಚುರುಕು, ಡ್ರಾಯಿಂಗ್‌ನಲ್ಲಿ ಚುರುಕು, ಲೇತಿನ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತಿದ್ದಳು. ಐದನೇ ವಾರ ಮೇಷ್ಟ್ರು ರೇಗಿ, ಹೀಗಾದರೆ ಫೇಲಾಗುತ್ತೀಯ ಎಂದರು.

"ನಾನು ಕಾಲೇಜೇ ಬಿಡ್ತಿದೀನಿ ಸರ್. ನಮ್ಮಣ್ಣ ಇಲ್ಲೇ ಕಣ್ಣು ಕಳ್ಕೊಂಡಿದ್ದು. ಕೀ ತೆಗೆಯೋದು ಮರೆತಿದ್ನಂತೆ. ನಾನೂ ಅವನ ಹಾಗೇ ಮರೆಗುಳಿ ಅಂತಾರೆ ಮನೇಲಿ. ನನಗೆ ಭಯ ಆಗುತ್ತೆ."

ಕರೆದುಕೊಂಡು ಹೋಗಲು ಅಣ್ಣ ಬಂದಿದ್ದಾನೆ, ಒಳಗೆ ಕಾಲಿಡಲು ಒಪ್ಪದೆ ಗೇಟಿನ ಹತ್ತಿರ ಕೂತಿದ್ದಾನೆ ಎಂದೂ ಹೇಳಿದಳು.

ಆರು ವರ್ಷದ ಹಿಂದೆ ನಾಲ್ಕನೇ ಲೇತಿನ ಮುಂದೆ, ಅವಳ ಅಣ್ಣನ ಕೈಗೆ ಬಲ ಸಾಲದೆಂದು ಚಕ್ ಬಿಗಿದವರು ಮೇಷ್ಟ್ರೇ. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ಕೀಯನ್ನು ಚಕ್ಕಿನಲ್ಲೇ ಬಿಟ್ಟು, ಶುರು ಮಾಡು ಎಂದು ಹೇಳಿ ಬೆನ್ನು ತಿರುಗಿಸಿದರು. ಒಂದೇ ಪೆಟ್ಟಿಗೆ ಹುಡುಗನ ಬಲಗಣ್ಣೂ ಹೋಯಿತು, ಆ ಬೆಳಗಿನ ನೆನಪೂ ಹೋಯಿತು. ವಿಚಾರಣೆಯಲ್ಲಿ ಮೇಷ್ಟ್ರು, ನಾನು ಹೇಳಿದ್ದೆ, ಅವನು ತೆಗೆಯಲಿಲ್ಲ ಎಂದುಬಿಟ್ಟರು. ಕೆಲಸ ಉಳಿಯಿತು. ಏನೂ ನೆನಪಿಲ್ಲದ ಹುಡುಗ ಅದನ್ನೇ ನಿಜವೆಂದು ನಂಬಿ ಮನೆಗೆ ಹೋದ. ಎಂಥ ಅನ್ಯಾಯ! ಈಗ ಅದೇ ಸುಳ್ಳು ತಂಗಿಯನ್ನೂ ಮನೆಗೆ ಕಳಿಸಲು ಹೊರಟಿತ್ತು.

ಮೇಷ್ಟ್ರು ಹುಡುಗಿಯ ಜೊತೆ ಗೇಟಿನವರೆಗೆ ನಡೆದರು. ಕಲ್ಲುಬೆಂಚಿನ ಮೇಲಿದ್ದ ಯುವಕ ಗಡಬಡಿಸಿ ಎದ್ದು ನಿಂತ.

"ಅವತ್ತು ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು ಸರ್. ಕ್ಷಮಿಸಿ. ಬಂದು ಹೇಳೋಕೆ ಇಷ್ಟು ದಿನ ಮುಖ ಇರ್ಲಿಲ್ಲ."

ಹೋಗಲಿ ಬಿಡಪ್ಪ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಒಂದೇ ಕಣ್ಣು ಅವರನ್ನೇ ನೋಡುತ್ತಿತ್ತು, ಅದೂ ಭಕ್ತಿಯಿಂದ.

"ಕೀ ಬಿಟ್ಟಿದ್ದು ನಾನು ಕಣಪ್ಪ. ನಾನೇ ಬಿಗಿದೆ, ನಾನೇ ಮರೆತೆ, ಸುಳ್ಳು ಹೇಳಿದ್ದೂ ನಾನೇ. ನಿನ್ನದೇನೂ ತಪ್ಪಿಲ್ಲ."

ತಂಗಿ ಅಣ್ಣನ ತೋಳು ಹಿಡಿದುಕೊಂಡಳು. ಅವನು ಬಯ್ಯಲಿಲ್ಲ, ಕೈಯೆತ್ತಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದ.

ಮೇಷ್ಟ್ರು ಹೇಳಿದರು. ಅವನು ಜೇಬಿನಿಂದ ಫೋನ್ ತೆಗೆದು, ಮನೆಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಮೇಷ್ಟ್ರ ಕೈಗೆ ಕೊಟ್ಟ. ನಾಲ್ಕು ಸಲ ರಿಂಗಾಯಿತು. ಆಚೆಯಿಂದ ಅವನ ತಾಯಿಯ ಧ್ವನಿ ಕೇಳಿಸಿತು.

"ಏನೋ, ಇವತ್ತೇನು ಮರೆತು ಹೋದೆ?"